ಹಿಂದಿನ ಸೀಟು

"ವಾಪಸು ಬರೋ ದಿನ ಹನ್ನೆರಡೂವರೆಗೆ ಹಡಗು. ಹನ್ನೊಂದಕ್ಕೆ ರೂಮು ಬಿಟ್ಟರೆ ಸಾಕಲ್ವಾ ಅಕ್ಕ?"

ತಂಗಿ ಹಾಗೆ ಕೇಳಿದಾಗ ಸೀಟಕ್ಕ ಹೊಲಿಗೆ ಯಂತ್ರ ನಿಲ್ಲಿಸಿ, ಹಣೆಗೇರಿಸಿದ್ದ ಕನ್ನಡಕವನ್ನು ಮೂಗಿಗಿಳಿಸಿ, ಹಾಳೆಯನ್ನು ಕೈಗೆ ತೆಗೆದುಕೊಂಡಳು. ಒಂಬತ್ತು ದಿನಗಳ ಪ್ರವಾಸವನ್ನು ತಂಗಿ ಗೆರೆ ಎಳೆದು ಚೊಕ್ಕವಾಗಿ ಬರೆದಿದ್ದಳು. ಬಂದರಿನವರೆಗೆ ಎರಡು ದಿನ ಬೈಕಿನಲ್ಲಿ, ಅಲ್ಲಿಂದ ಬೈಕಿನ ಸಮೇತ ಹಡಗಿನಲ್ಲಿ, ಆಮೇಲೆ ಸಮುದ್ರದಾಚೆಯ ಆ ದ್ವೀಪ. ಜನ ದಿನಾ ಓಡಾಡುವ ರಸ್ತೆಗಳನ್ನೇ ಮುಚ್ಚಿ ಅಲ್ಲಿ ವರ್ಷಕ್ಕೊಮ್ಮೆ ಬೈಕ್ ರೇಸ್ ನಡೆಸುತ್ತಾರೆ. ಕಾಂಪೌಂಡು ಗೋಡೆಗೆ ಭುಜ ಉಜ್ಜುವಷ್ಟು ಹತ್ತಿರದಲ್ಲಿ ಸವಾರರು ಹಾದುಹೋಗುತ್ತಾರೆ. ನೋಡಲು ಎಲ್ಲೆಲ್ಲಿಂದಲೋ ಬೈಕಿನ ಹುಚ್ಚಿನವರು ಬರುತ್ತಾರೆ.

ತಪ್ಪು ಒಂದೇ ನೋಟಕ್ಕೆ ಕಂಡಿತು. ತಂಗಿ ಹಿಡಿದ ರೂಮು ಉಂಗುರದಂತೆ ಸುತ್ತುವ ರೇಸಿನ ದಾರಿಯ ಒಳಗಡೆ ಇತ್ತು, ಬಂದರು ಹೊರಗೆ. ವಾಪಸು ಹೊರಡುವ ಶುಕ್ರವಾರವೇ ದೊಡ್ಡ ರೇಸು. ಬೆಳಿಗ್ಗೆ ಹತ್ತಕ್ಕೆ ರಸ್ತೆ ಮುಚ್ಚಿದರೆ ಸಂಜೆಯವರೆಗೆ ನರಪಿಳ್ಳೆಯನ್ನೂ ದಾಟಲು ಬಿಡುವುದಿಲ್ಲ. ಹನ್ನೊಂದಕ್ಕೆ ಹೊರಟವರು ರಸ್ತೆಗೆ ಅಡ್ಡ ಕಟ್ಟಿದ ಹಗ್ಗದ ಈಚೆ ನಿಂತು ಹಡಗು ತಪ್ಪಿಸಿಕೊಳ್ಳಬೇಕು, ಅಷ್ಟೇ. ಹತ್ತಕ್ಕೆ ಮುಂಚೆ ರಸ್ತೆ ದಾಟಿಬಿಡು ಎಂದರೆ ಮುಗಿಯುತ್ತಿತ್ತು. ಮಾತು ನಾಲಿಗೆಯ ತುದಿಗೆ ಬಂದಿತ್ತು.

"ನಮ್ಮ ಆಸ್ಪತ್ರೆಯ ನರ್ಸ್ ಒಬ್ಬಳು ಬರ್ತಿದ್ದಾಳೆ ಜೊತೆಗೆ," ಎಂದಳು ತಂಗಿ, ರೆಕ್ಸಿನ್ ಸುರುಳಿಗಳ ಕಡೆ ನೋಡುತ್ತಾ. "ನನ್ನ ಬೈಕಲ್ಲೇ, ಹಿಂದೆ. ಅವಳಿಗೆ ಸೊಂಟದ ನೋವು. ಹಿಂದಿನ ಸೀಟು ಸ್ವಲ್ಪ ಸರಿ ಮಾಡಿಕೊಡ್ತೀಯಾ?"

ಸೀಟಕ್ಕ ಹಾಳೆಯನ್ನು ಮಡಿಕೆಯಲ್ಲೇ ಮಡಿಸಿ ವಾಪಸು ಕೊಟ್ಟಳು.

"ಸಾಕು," ಎಂದಳು. "ಹನ್ನೊಂದಕ್ಕೆ ಬಿಟ್ಟರೆ ಸಾಕು."

ಬೈಕು, ಸ್ಕೂಟರುಗಳ ಸೀಟು ಹೊಲಿಯುವ ಆ ಅಂಗಡಿ ಅಪ್ಪನದು. ಅಪ್ಪ ಹೋದ ಮೇಲೆ ಅವಳೇ ನಡೆಸಿಕೊಂಡು ಬಂದಿದ್ದಳು, ಬೀದಿಯವರಿಗೆಲ್ಲ ಸೀಟಕ್ಕನಾಗಿದ್ದಳು. ಆ ದ್ವೀಪವನ್ನು ಕಣ್ಣಾರೆ ಕಂಡವಳಲ್ಲ. ಆದರೆ ಇಪ್ಪತ್ತು ವರ್ಷ ರೇಸಿನ ವೀಕ್ಷಕ ವಿವರಣೆ ಕೇಳಿ ಕೇಳಿ ಅಲ್ಲಿನ ತಿರುವುಗಳೆಲ್ಲ ಅವಳಿಗೆ ಬಾಯಿಪಾಠ. ತಂಗಿಗೆ ಬೈಕು ಕಲಿಸಿದವಳೂ ಅವಳೇ. ಒಂದು ವರ್ಷ ಇಬ್ಬರೂ ಹೋಗೋಣ ಎಂದು ಮೊದಲು ಹೇಳಿದವಳೂ ಅವಳೇ. ಆಮೇಲೆ ಏಳು ವರ್ಷ ತಂಗಿ ಕೇಳಿದಳು. ಅಮ್ಮನಿಗೆ ಹುಷಾರಿಲ್ಲ ಎಂದಾಯಿತು, ಅಮ್ಮ ತೀರಿಕೊಂಡ ಮೇಲೆ ಅಂಗಡಿಯಲ್ಲಿ ಕೆಲಸ ಮೈಮೇಲಿದೆ ಎಂದಾಯಿತು, ಕೊನೆಗೆ ಕಾರಣವನ್ನೂ ಹುಡುಕದೆ ಬರುವ ವರ್ಷ ನೋಡೋಣ ಎಂದಾಯಿತು. ಈ ಸಲ ತಂಗಿ ಕೇಳಲಿಲ್ಲ. ಟಿಕೆಟ್ಟು ತೆಗೆದುಕೊಂಡೇ ಬಂದಳು.

ಅದೂ ಎಂಥವಳ ಜೊತೆ? ಎರಡು ವರ್ಷದ ಹಿಂದೆ ಪರಿಚಯವಾದವಳ ಜೊತೆ. ಆ ರಾತ್ರಿ ಊಟಕ್ಕೆ ಕೂತಾಗಲೂ ಸೀಟಕ್ಕನಿಗೆ ಅದೇ ಯೋಚನೆ. ನರ್ಸಂತೆ. ಕ್ಲಚ್ಚು ಯಾವುದು, ಬ್ರೇಕು ಯಾವುದು ಎಂದು ಗೊತ್ತಿದೆಯೋ ಇಲ್ಲವೋ.

ನರ್ಸ್ ಮುಂದಿನ ಭಾನುವಾರ ಬೈಕಿನ ಸೀಟನ್ನು ಕಂಕುಳಲ್ಲಿ ಇಟ್ಟುಕೊಂಡು ಒಬ್ಬಳೇ ಬಂದಳು. ನಲವತ್ತು ದಾಟಿದ ಸಣಕಲು ಹೆಂಗಸು. ಚಪ್ಪಲಿ ಹೊರಗೆ ಬಿಡಲೋ ಬೇಡವೋ ಎಂದು ಬಾಗಿಲಲ್ಲೇ ಅನುಮಾನಿಸಿದಳು.

"ಪರವಾಗಿಲ್ಲ, ಬನ್ನಿ," ಎಂದಳು ಸೀಟಕ್ಕ. ದನಿ ತನಗೇ ಒರಟೆನಿಸಿತು.

ಕುದುರೆಯಂತೆ ನಾಲ್ಕು ಕಾಲಿನ ಮರದ ಸ್ಟ್ಯಾಂಡಿನ ಮೇಲೆ ಸೀಟು ಬಿಗಿದು ನರ್ಸನ್ನು ಕೂರಿಸಿದಳು. ಸೀಮೆಸುಣ್ಣದ ಕಡ್ಡಿಯಿಂದ ತೊಡೆಯ ಅಂಚು ಗುರುತು ಹಾಕಿದಳು. ಎಡಗಡೆ ನೋವು, ಭಾರವೆಲ್ಲ ಬಲಕ್ಕೆ ಬೀಳುತ್ತಿತ್ತು. ಎಡಕ್ಕೆ ಫೋಮು ಎರಡು ಬೆರಳಷ್ಟು ಕೆತ್ತಿ ಮೆತ್ತನೆಯದನ್ನು ಕೂರಿಸಬೇಕು ಎಂದು ಕೈ ತಾನೇ ಲೆಕ್ಕ ಹಾಕಿಕೊಂಡಿತು.

"ನಿಮ್ಮ ಬಗ್ಗೆ ತುಂಬಾ ಕೇಳಿದ್ದೀನಿ," ಎಂದಳು ನರ್ಸ್. "ಆ ರೇಸಿನ ದಾರೀಲಿರೋ ಸೇತುವೆ ಹತ್ತಿರ ಬೈಕು ನೆಲ ಬಿಟ್ಟು ಹಾರುತ್ತಂತಲ್ಲ. ಹಾರುವಾಗ ಇಂಜಿನ್ ಒಂದು ಸಲ ಉಸಿರು ಹಿಡಿಯುತ್ತೆ, ಅದನ್ನ ಕೇಳಬೇಕು ಅಂತ ನಿಮ್ಮ ತಂಗಿ ಹೇಳಿದಳು. ಕೇಳಿದಾಗಿನಿಂದ ನನಗೂ ಅದೇ ಹುಚ್ಚು."

ಅದು ಸೀಟಕ್ಕನ ಮಾತು. ತಂಗಿ ಹತ್ತನೇ ತರಗತಿಯಲ್ಲಿದ್ದಾಗ, ಇದೇ ಅಂಗಡಿಯಲ್ಲಿ, ರೇಡಿಯೋಗೆ ಕಿವಿ ಕೊಟ್ಟು ಕೂತು ಅವಳಿಗೊಬ್ಬಳಿಗೇ ಹೇಳಿದ ಮಾತು. ಸೀಮೆಸುಣ್ಣದ ಕಡ್ಡಿ ಕೈಯಲ್ಲಿ ಮುರಿಯಿತು.

"ಹದಿನಾಲ್ಕು ವರ್ಷಕ್ಕೆ ಒಂದೇ ಸಲ ಇಷ್ಟು ರಜಾ ಸಿಕ್ಕಿರೋದು," ಎಂದು ನರ್ಸ್ ಹೇಳುತ್ತಲೇ ಇದ್ದಳು. "ಸೋಮವಾರ ಬೆಳಿಗ್ಗೆ ಡ್ಯೂಟಿಗೆ ಬರದಿದ್ದರೆ ಬೇರೆ ವಾರ್ಡಿಗೆ ಹಾಕ್ತೀನಿ ಅಂದಿದ್ದಾರೆ. ನಿಮ್ಮ ತಂಗಿ ಹೇಳಿದಳು, ಹೆದರಬೇಡ, ಅಕ್ಕ ಪ್ಲಾನ್ ನೋಡಿದ್ದಾಳೆ, ಅವಳು ನೋಡಿದ ಮೇಲೆ ತಪ್ಪಿರಲ್ಲ ಅಂತ."

ಸೀಟಕ್ಕ ಬಗ್ಗಿ ಹೊಸ ಕಡ್ಡಿ ಹುಡುಕಿದಳು.

ಸೀಟನ್ನು ಮಾತ್ರ ಅವಳು ಕೆಟ್ಟದಾಗಿ ಮಾಡಲಾರದೆ ಹೋದಳು. ಅಳತೆ ಕೊಂಚ ತಪ್ಪಿಸಿದರೆ ಅರ್ಧ ದಾರಿಯಲ್ಲೇ ಸೊಂಟ ಹಿಡಿದುಕೊಂಡು ವಾಪಸು ಬರುತ್ತಾಳೆ ಎಂಬ ಯೋಚನೆ ಬಾರದಿರಲಿಲ್ಲ. ಬಂತು, ಒಂದಿಡೀ ಮಧ್ಯಾಹ್ನ ಜೊತೆಯಲ್ಲೇ ಕೂತಿತ್ತು. ಆದರೆ ಮೂವತ್ತು ವರ್ಷ ಪಳಗಿದ ಕೈ ಅವಳ ಮಾತು ಕೇಳಲಿಲ್ಲ. ಫೋಮು ಎರಡು ಸಲ ಕೆತ್ತಿದಳು, ಅಂಚಿಗೆ ಜೋಡಿ ಹೊಲಿಗೆ ಹಾಕಿದಳು, ರೆಕ್ಸಿನ್ ಎಳೆದು ಒಂದು ಸುಕ್ಕೂ ಇಲ್ಲದಂತೆ ಪಿನ್ನು ಹೊಡೆದಳು. ನಾಲಿಗೆ ಮಾತ್ರ ಹಟ ಹಿಡಿದಿತ್ತು. ತಂಗಿ ದಿನಾ ಫೋನು ಮಾಡಿ ರೈನ್‌ಕೋಟು, ಟೈರಿನ ಗಾಳಿ, ಮೊದಲ ದಿನ ಯಾವ ತಿರುವಿನಲ್ಲಿ ನಿಲ್ಲಬೇಕು ಎಂದು ಕೇಳುತ್ತಿದ್ದಳು. ಸೀಟಕ್ಕ ಎಲ್ಲದಕ್ಕೂ ಉತ್ತರ ಹೇಳುತ್ತಿದ್ದಳು, ಅದೊಂದನ್ನು ಬಿಟ್ಟು.

ಹೊರಡಲು ನಾಲ್ಕು ದಿನ ಇದ್ದಾಗ ಅವಳು ಮಧ್ಯಾಹ್ನ ಅಂಗಡಿಯ ಬಾಗಿಲೆಳೆದು ಆಸ್ಪತ್ರೆಗೆ ಹೋದಳು. ತಂಗಿ ಕೆಲಸ ಮಾಡುವ ಎಕ್ಸ್-ರೇ ಕೋಣೆಯ ಹೊರಗಿನ ಬೆಂಚಿನಲ್ಲಿ ಐದಾರು ಜನ ಕಾಯುತ್ತಿದ್ದರು. ಅವಳೂ ಕೂತಳು. ಸೀಸದ ಏಪ್ರನ್ ತೊಟ್ಟು ಹೊರಬಂದ ತಂಗಿ ಅವಳನ್ನು ಕಂಡು ಗಾಬರಿಯಾದಳು.

"ಏನಾಯ್ತೇ? ಎಲ್ಲಿ ಬಿದ್ದೆ?"

"ಎಲ್ಲೂ ಬಿದ್ದಿಲ್ಲ. ಶುಕ್ರವಾರ ಹನ್ನೊಂದಕ್ಕೆ ಹೊರಟರೆ ನಿಮಗೆ ಹಡಗು ಸಿಗಲ್ಲ. ಹತ್ತಕ್ಕೇ ರಸ್ತೆ ಮುಚ್ಚುತ್ತಾರೆ. ಒಂಬತ್ತಕ್ಕೆಲ್ಲ ದಾಟಿ ಬಂದರಿನಲ್ಲಿರಿ."

ತಂಗಿ ಮನಸ್ಸಿನಲ್ಲೇ ನಕ್ಷೆ ಬಿಡಿಸಿಕೊಂಡಳು. "ಅಯ್ಯೋ, ಹೌದಲ್ಲ. ಯಾವಾಗ ಗೊತ್ತಾಯ್ತು ನಿನಗೆ?"

"ಅವತ್ತೇ."

"ಯಾವತ್ತು?"

"ನೀನು ಹಾಳೆ ತಂದ ದಿನ."

ಬೆಂಚಿನಲ್ಲಿದ್ದವರು ಕೇಳಿಸಿಕೊಳ್ಳುತ್ತಿರುವುದು ಇಬ್ಬರಿಗೂ ಗೊತ್ತಿತ್ತು. ತಂಗಿ ಏಪ್ರನ್ನಿನ ಪಟ್ಟಿಯನ್ನು ಬಿಚ್ಚಿ, ಮತ್ತೆ ಕಟ್ಟಿಕೊಂಡಳು.

"ಮೂರು ವಾರ ಸುಮ್ಮನಿದ್ದೆ."

"ಇದ್ದೆ."

"ಅವಳನ್ನ ಕಂಡರೆ ನಿನಗೆ ಆಗಲ್ಲ."

"ಅವಳು ಒಳ್ಳೆಯವಳು ಕಣೇ. ಕೆಟ್ಟವಳಾಗಿದ್ದರೆ ಇಷ್ಟು ಹೊಟ್ಟೆ ಉರೀತಿರಲಿಲ್ಲ." ಸೀಟಕ್ಕ ತನ್ನ ಅಂಗೈ ನೋಡಿಕೊಂಡಳು. ಬೆರಳ ಸಂದಿಯಲ್ಲಿ ಅಂಟು ಒಣಗಿ ಕಪ್ಪಗಾಗಿತ್ತು. "ಈ ವರ್ಷ ಯಾಕೆ ನನ್ನ ಕೇಳಲಿಲ್ಲ?"

"ಕೇಳಿದ್ದರೆ ಬರ್ತಿದ್ದೆಯಾ?"

"ಇಲ್ಲ."

"ಮತ್ತೆ?"

"ಆದರೂ ಕೇಳಬೇಕಿತ್ತು."

ತಂಗಿಯ ಮುಖದಲ್ಲಿ ಸಿಟ್ಟಿತ್ತು, ಅದು ಅಲ್ಲೇ ಇತ್ತು, ಕರಗಲಿಲ್ಲ. ಕೈಯಲ್ಲಿದ್ದ ಚೀಟಿ ನೋಡಿ ಮುಂದಿನವರ ನಂಬರು ಕೂಗಿದಳು. ಮೊಣಕೈಗೆ ಪಟ್ಟಿ ಕಟ್ಟಿಕೊಂಡಿದ್ದ ಮುದುಕರೊಬ್ಬರು ನಿಧಾನವಾಗಿ ಎದ್ದರು. ಅವರನ್ನು ಒಳಗೆ ಬಿಟ್ಟು, ಬಾಗಿಲು ಹಿಡಿದುಕೊಂಡೇ ತಂಗಿ ತಿರುಗಿದಳು.

"ಊಟ ಆಯ್ತಾ?"

"ಇಲ್ಲ."

"ಇಲ್ಲೇ ಇರು. ಇವರದ್ದೊಂದು ಮುಗಿಸಿ ಬರ್ತೀನಿ."

ಕ್ಯಾಂಟೀನಿನಲ್ಲಿ ತಂಗಿ ಹಾಳೆ ತೆಗೆದು ಹನ್ನೊಂದನ್ನು ಹೊಡೆದುಹಾಕಿ ಒಂಬತ್ತು ಎಂದು ಬರೆದಳು. ನರ್ಸಿಗೆ ಹೇಳುತ್ತೀಯಾ ಎಂದು ಸೀಟಕ್ಕ ಕೇಳಲಿಲ್ಲ. ಹೇಳುವುದಿಲ್ಲ ಎಂದು ತಂಗಿಯೂ ಭರವಸೆ ಕೊಡಲಿಲ್ಲ.

ಹೊರಡುವ ದಿನ ಬೆಳಿಗ್ಗೆ ತಂಗಿಯೂ ನರ್ಸೂ ಅಂಗಡಿಯ ಮುಂದೆ ಬೈಕು ನಿಲ್ಲಿಸಿದರು. ಸೀಟಕ್ಕ ಬ್ಯಾಗುಗಳ ಪಟ್ಟಿ ಜಗ್ಗಿ ನೋಡಿದಳು, ಒಂದನ್ನು ಬಿಚ್ಚಿ ಬಿಗಿಯಾಗಿ ಕಟ್ಟಿದಳು. ನರ್ಸ್ ಹಿಂದೆ ಹತ್ತಿ ಕೂತು, ಹೆಲ್ಮೆಟ್ಟಿನೊಳಗಿಂದ ಏನೋ ಅಂದಳು. ಕೇಳಿಸಲಿಲ್ಲ. ಸೀಟಕ್ಕ ತಲೆಯಾಡಿಸಿದಳು.

ಬೈಕು ಹೊರಟಿತು. ಬೇಕರಿ ದಾಟುವಾಗ ಎರಡನೇ ಗೇರು, ಔಷಧಿ ಅಂಗಡಿಯ ಹತ್ತಿರ ಮೂರನೆಯದು. ಮೂಲೆಯಲ್ಲಿ ತಂಗಿ ಎಂದಿನಂತೆ ತಡವಾಗಿ ಗೇರು ಇಳಿಸಿದಳು, ಆಮೇಲೆ ಬೈಕು ಕಣ್ಣಿಗೆ ಕಾಣಲಿಲ್ಲ, ಸದ್ದಷ್ಟೇ ಉಳಿಯಿತು.

"ಸೀಟಕ್ಕ, ಇದನ್ನ ಸ್ವಲ್ಪ ನೋಡ್ತೀರಾ?" ಹಿಂದಿನಿಂದ ಅಂಚೆಯವನ ದನಿ. ಹರಿದ ಸ್ಕೂಟರ್ ಸೀಟನ್ನು ಎದೆಗೆ ಅವಚಿಕೊಂಡು ನಿಂತಿದ್ದ.

ಅವಳು ತಿರುಗದೆ, ಸುಮ್ಮನಿರು ಎಂಬಂತೆ ಕೈ ಎತ್ತಿದಳು. ಬೀದಿಯಾಚೆ ದೊಡ್ಡ ರಸ್ತೆಯಲ್ಲಿ ಒಂದು ಬಸ್ಸು ಹೋಯಿತು, ಅದರ ಹಿಂದೆ ಇನ್ನೊಂದು. ಅಂಚೆಯವನೂ ಕಿವಿಗೊಟ್ಟು ನಿಂತ, ಏನನ್ನು ಕೇಳಬೇಕೆಂದು ತಿಳಿಯದೆ.