ಅತ್ತೆಯನ್ನು ಎದುರಿಗೆ ಕೂರಿಸಿ

ಶರಣ್ಯಳಿಗೆ ಮೂವತ್ತೆಂಟನೇ ವಯಸ್ಸಿಗೆ ಚಿತ್ರ ಬರೆಯುವ ಹುಚ್ಚು ಹಿಡಿಯಿತು ಎಂದು ಶಿಕಾರಿಪುರದ ಅವರ ಬೀದಿಯವರು ಹೇಳುವುದು ಶುದ್ಧ ಸುಳ್ಳು. ಹುಚ್ಚು ಹೈಸ್ಕೂಲಿನಿಂದಲೇ ಇತ್ತು. ಮದುವೆ, ಮಕ್ಕಳು, ಗಂಡನ ಬಟ್ಟೆ ಅಂಗಡಿ ಎಂದು ಅದಕ್ಕೆ ಪುರುಸೊತ್ತು ಸಿಕ್ಕಿರಲಿಲ್ಲ, ಅಷ್ಟೆ. ಈಗ ಭಾನುವಾರ ಬಂತೆಂದರೆ ಬಸ್ಸು ಹತ್ತಿ ಸೊರಬಕ್ಕೆ ಹೋಗಿ, ನಿವೃತ್ತ ಡ್ರಾಯಿಂಗ್ ಮೇಷ್ಟ್ರು ರೇಣುಕಾಪ್ರಸಾದರ ಮನೆಯಲ್ಲಿ ಕಲಿಯುತ್ತಿದ್ದಳು.

ಮೇಷ್ಟ್ರು ಹೊಗಳುವುದರಲ್ಲಿ ಮಹಾ ಜಿಪುಣರು. ಎಂಟು ತಿಂಗಳು ಮಡಕೆ, ಬದನೆಕಾಯಿ ಬರೆಸಿ, ಕೊನೆಗೆ ಮುಖಕ್ಕೆ ಬಿಟ್ಟರು. ಶರಣ್ಯ ಫೋಟೊ ನೋಡಿ ಬರೆದ ನಾಲ್ಕು ಮುಖ ತಂದಳು.

"ಫೋಟೊ ಇದ್ದೇ ಇದೆಯಲ್ರೀ, ಮತ್ತೆ ಯಾಕೆ ಬರೀತೀರಿ? ಬದುಕಿರೋರನ್ನ ಎದುರಿಗೆ ಕೂರಿಸ್ಕೊಂಡು ಬರೀರಿ. ಮುಂದಿನ ಭಾನುವಾರ ಜೀವ ಇರೋ ಒಂದು ಮುಖ ತನ್ನಿ. ಆಗ್ಲಿಲ್ಲ ಅಂದ್ರೆ ವಾಪಸ್ ಬದನೆಕಾಯಿಗೇ ಹೋಗಣ" ಅಂದರು. ಶರಣ್ಯಳಿಗೆ ಬಸ್ಸಿನಲ್ಲಿ ಅಳುವೇ ಬಂತು.

ಕೂರುವವರು ಯಾರು? ಮಕ್ಕಳು ಎರಡು ನಿಮಿಷ ನಿಂತಲ್ಲಿ ನಿಲ್ಲುವುದಿಲ್ಲ. ಗಂಡ ಸಿದ್ಧಲಿಂಗೇಶ್ ಕೂತರೆ ನಿದ್ದೆ. ಉಳಿದವರು ಅತ್ತೆ ಜಗದಾಂಬ.

"ನನ್ನ ಚಿತ್ರ ಬರೀತೀಯಾ? ಯಾಕವ್ವ, ಅಷ್ಟು ಅವಸರ ಆಗೇತೇನು ನಿಂಗೆ?" ಅಂದರು ಅತ್ತೆ. ಅದರಲ್ಲೂ ನ್ಯಾಯವಿತ್ತು. ಆ ಮನೆಯ ಗೋಡೆ ಏರಿದವರೆಲ್ಲ ಲಿಂಗೈಕ್ಯರಾದವರೇ. ಬದುಕಿರುವವರ ಚಿತ್ರ ಬರೆಸಿದ್ದನ್ನು ಅಲ್ಲಿ ಯಾರೂ ಕಂಡಿರಲಿಲ್ಲ.

ಸೊಸೆ ಮೂರು ದಿನ ಗೋಗರೆದಳು, ಅತ್ತೆ ಕರಗಿದರು. ಒಪ್ಪಿದ ಮೇಲೆ ಅರ್ಧಂಬರ್ಧ ಮಾಡುವ ಜೀವ ಅಲ್ಲ ಅದು. ರೇಷ್ಮೆ ಸೀರೆ ಉಟ್ಟು, ಹಣೆತುಂಬ ವಿಭೂತಿ ಎಳೆದು, ಗೋಡೆಯ ಮೇಲಿನ ತಮ್ಮ ಅತ್ತೆ ಹೇಗಿದ್ದಾರೋ ಹಾಗೇ ತುಟಿ ಬಿಗಿದು ಕೂತರು. ಕೆಮ್ಮು ಬಂದರೂ "ಅಲ್ಲಾಡಬೇಡಿ ಅತ್ತೆ" ಎಂದು ಸೊಸೆ ಗದರಿಸುತ್ತಿದ್ದಳು. ಚಿತ್ರ ಮುಗಿಯಿತು. ಮೂಗು ಅದೇ, ಮೂಗುಬೊಟ್ಟು ಅದೇ. ಆದರೂ ಏನೋ ಸರಿಯಿಲ್ಲ ಅನ್ನಿಸಿತು, ಏನೆಂದು ಹೊಳೆಯಲಿಲ್ಲ.

ಸಿದ್ಧಲಿಂಗೇಶನಿಗೆ ಮಾತ್ರ ಹೆಮ್ಮೆ ತಡೆಯಲಾಗಲಿಲ್ಲ. ಮಾರನೇ ಬೆಳಿಗ್ಗೆ ಅಂಗಡಿಗೆ ಹೊರಡುವ ಮುಂಚೆ ಆ ಚಿತ್ರದ ಫೋಟೊ ತೆಗೆದು, ಕೆಳಗೆ "ನನ್ನ ತಾಯಿ" ಎಂದು ಬರೆದು, ಕೈಮುಗಿದ ಗುರುತು ಹಾಕಿ ವಾಟ್ಸಾಪ್ ಸ್ಟೇಟಸ್ಸಿಗೆ ಏರಿಸಿದ.

ಹನ್ನೊಂದು ಗಂಟೆಗೆ ಬಾಗಿಲ ಮುಂದೆ ಆಟೊ ನಿಂತಿತು. ಇಳಿದವರು ಸೊರಬದಲ್ಲಿದ್ದ ಜಗದಾಂಬರ ತಂಗಿ ಲೋಕಮ್ಮ. ಕೈಯಲ್ಲಿ ಸೇವಂತಿಗೆ ಹಾರ. "ಒಂದು ಮಾತೂ ಹೇಳ್ದೆ ಹೋಗ್ಬಿಟ್ಯಲ್ಲಕ್ಕಾ" ಎಂದು ಅಳುತ್ತ ಒಳಗೆ ಬಂದರೆ, ಅಕ್ಕ ಪಡಸಾಲೆಯಲ್ಲಿ ಅವರೆಕಾಯಿ ಸುಲಿಯುತ್ತ ಕೂತಿದ್ದರು.

"ಎಲ್ಲಿಗೆ ಹೋಗ್ಲೇ? ಇನ್ನೂ ಇಷ್ಟು ಕಾಯಿ ಬಾಕಿ ಐತೆ" ಅಂದರು ಜಗದಾಂಬ.

ಲೋಕಮ್ಮ ಕಂಬ ಹಿಡಿದುಕೊಂಡು ಸಾವರಿಸಿಕೊಂಡರು. "ಫೋನ್ ಮಾಡಿದ್ರೆ ಒಬ್ರೂ ಎತ್ತಲಿಲ್ಲ. ನಿಜಾನೇ ಅನ್ಕಂಡೆ" ಎನ್ನುತ್ತ ಸ್ಟೇಟಸ್ ತೋರಿಸಿದರು. ಜಗದಾಂಬ ಕನ್ನಡಕ ಏರಿಸಿ ತಮ್ಮ ಮುಖವನ್ನು ಬಹಳ ಹೊತ್ತು ನೋಡಿದರು.

"ನಿಂದೇನೂ ತಪ್ಪಿಲ್ಲ ಬಿಡು. ಇದನ್ನ ನೋಡಿದ್ರೆ ನಾನೂ ಹಾರ ತರ್ತಿದ್ದೆ."

ಶರಣ್ಯಳಿಗೆ ನೆಲ ಬಿರಿದು ನುಂಗಬಾರದೇ ಅನ್ನಿಸಿತು. ಅಲ್ಲಾಡಬೇಡಿ, ಅಲ್ಲಾಡಬೇಡಿ ಎಂದು ಅತ್ತೆಯ ಜೀವ ತೆಗೆದವಳು ತಾನೇ ಎಂದು ಆಗ ಹೊಳೆಯಿತು.

"ಅಲ್ವೇ, ನಾನು ಸತ್ರೆ ಬರೀ ಸೇವಂತಿಗೇನಾ? ನಿಂಗಾಗಿದ್ರೆ ನಾನು ಮಲ್ಲಿಗೇನೇ ತರ್ತಿದ್ದೆ" ಎಂದು ಅತ್ತೆ ಜಗಳಕ್ಕೆ ನಿಂತರು.

"ಬಸ್ ಹೊರಟಿತ್ತು ಕಣಕ್ಕ. ಮಲ್ಲಿಗೆ ಹುಡುಕ್ತಾ ಕೂತಿದ್ರೆ ಮಣ್ಣಿಗೂ ಸಿಗ್ತಿರಲಿಲ್ಲ."

ಅಕ್ಕನಿಗೆ ನಗು ಉಕ್ಕಿತು. ಕಣ್ಣು ಮುಚ್ಚಿಹೋದವು, ಬಿದ್ದ ಹಲ್ಲಿನ ಸಂದು ಕಂಡಿತು, ಸೆರಗು ಜಾರಿ ಅವರೆಕಾಯಿ ಬುಟ್ಟಿಗೆ ಬಿತ್ತು. ತಂಗಿಯೂ ಸೇರಿಕೊಂಡರು. ಶರಣ್ಯ ಸದ್ದಿಲ್ಲದೆ ಹಾಳೆ, ಪೆನ್ಸಿಲ್ ತಂದು ನೆಲಕ್ಕೆ ಕೂತಳು. ಈ ಸಲ ಯಾರಿಗೂ ಏನೂ ಹೇಳಲಿಲ್ಲ. ಮುಖ ಓಡಿದ ಕಡೆ ಕೈಯನ್ನೂ ಓಡಿಸಿದಳು. ಗೆರೆ ತಪ್ಪಿದರೆ ಅಳಿಸದೆ ಪಕ್ಕದಲ್ಲೇ ಇನ್ನೊಂದು ಎಳೆದಳು.

ಭಾನುವಾರ ಮೇಷ್ಟ್ರು ಆ ಹಾಳೆಯನ್ನು ಕಿಟಕಿಯ ಬೆಳಕಿಗೆ ಹಿಡಿದರು. ಮೂಗು ಸೊಟ್ಟಗಿದೆ ಎನ್ನಬಹುದಿತ್ತು, ಇತ್ತು ಕೂಡ. ಮೇಷ್ಟ್ರ ತುಟಿ ತಮಗೇ ತಿಳಿಯದಂತೆ ಅರಳತೊಡಗಿತ್ತು.

"ಯಾಕ್ರೀ ಈ ಅಮ್ಮ ಇಷ್ಟು ನಗ್ತಿದಾರೆ?" ಎಂದು ಕೇಳಿದರು.

"ತಾವು ಸತ್ತ ಸುದ್ದಿ ಕೇಳಿ, ಸರ್" ಅಂದಳು ಶರಣ್ಯ.