ತಾಜಾ ಮೀನಿನ ಸಾಕ್ಷಿ

"ಇನ್ನೊಂದ್ಸಲ ಹೇಳು," ಎಂದರು ವಕೀಲ ಹೊನ್ನಯ್ಯನವರು.

ಶಿವಮೊಗ್ಗದ ಕೋರ್ಟಿನ ಜಗಲಿಯಲ್ಲಿ ಕಂಬಕ್ಕೆ ಒರಗಿ ನಿಂತಿದ್ದ ಜಲಜಮ್ಮ ಪಾಠ ಒಪ್ಪಿಸಿದಳು. "ಮೀನು ಮೊದ್ಲೇ ಸತ್ತಿದ್ವು ಬುದ್ಧಿ. ಕಾರ್ಖಾನೆ ಮೋರಿ ಹೊಳೆಗೆ ಬೀಳೋ ಕಡೆ ಹೊಟ್ಟೆ ಮೇಲಾಗಿ ತೇಲ್ತಿದ್ವು. ನಮ್ಮನೆಯೋರು ಬುಟ್ಟೀಗೆ ಬಾಚ್ಕೊಂಡ್ ಬಂದ್ರು. ವಿಷ ಗಿಷ ಹಾಕಿಲ್ಲ."

"ಅಷ್ಟು ಹೇಳಿ ಬಾಯಿ ಮುಚ್ಕೊ. ಅದು ನಿಂಗೆ ಕಷ್ಟ, ಗೊತ್ತು."

ಅವಳು ಹೇಳಿದ್ದು ಸತ್ಯವೇ. ಆದರೆ ಕೋರ್ಟು ಹತ್ತುವ ಸತ್ಯಕ್ಕೂ ಸ್ವಲ್ಪ ತಾಲೀಮು ಬೇಕು. ಯುದ್ಧ ಶುರುವಾದ ಮೇಲೆ ಭದ್ರಾವತಿಯ ಹೊಳೆದಂಡೆಯಲ್ಲಿ ಸಿಪಾಯಿಗಳ ಬಟ್ಟೆಗೆ ಬಣ್ಣ ಹಾಕುವ ಕಾರ್ಖಾನೆಯೊಂದು ಎದ್ದಿತ್ತು. ಅಲ್ಲಿಂದ ಕೆಳಕ್ಕೆ ಭದ್ರೆಯೂ ಖಾಕಿ ತೊಟ್ಟಿದ್ದಳು. ಮೀನು ತೇಲಿದ ದಿನ ತುಂಬಿದ್ದ ಬುಟ್ಟಿ ಜಲಜಮ್ಮನ ಗಂಡ ಓಬಯ್ಯನದೊಂದೇ. ಪೊಲೀಸರಿಗೆ ಅಷ್ಟು ಸಾಕಾಯಿತು. ಹೊಳೆಗೆ ಕಾರೆಕಾಯಿ ಜಜ್ಜಿ ಹಾಕಿ, ಮಂಕು ಬಡಿದು ತೇಲಿದ ಮೀನು ಹಿಡಿದನೆಂದು ಕೇಸು. ರುಜುವಾತಾದರೆ ಹರಿಗೋಲು, ಬಲೆ ಎರಡೂ ಸರ್ಕಾರಕ್ಕೆ. ಅವೆರಡನ್ನು ಬಿಟ್ಟರೆ ಓಬಯ್ಯನಿಗೆ ಇದ್ದದ್ದು ಜಲಜಮ್ಮ ಮಾತ್ರ.

"ಕಾರ್ಖಾನೆಯೋರ ಮ್ಯಾಲೆ ಯಾಕಿಲ್ಲ ಕೇಸು?"

"ಮೀನು ಹಿಡಿಯೋಕೆ ಅಂತ ವಿಷ ಹಾಕಿದೋರಿಗೆ ಈ ಕಾನೂನು, ಮಾರಾಯ್ತಿ. ಅವ್ರಿಗೆ ಮೀನು ಯಾಕೆ?"

ಕಟಕಟೆ ಹತ್ತಿದವಳು ಮೊದಲು ನೋಡಿದ್ದು ಗಂಡನನ್ನಲ್ಲ, ಗಿರಾಕಿಗಳನ್ನು. ಆ ದಿನ ಮೀನು ಕೊಂಡವರನ್ನು ಸಾಕ್ಷಿಗೆಂದು ಕರೆಸಿ ಬೆಂಚಿನ ಮೇಲೆ ಕೂರಿಸಿದ್ದರು. ಮುಂದೆಯೇ ಮಿಲ್ಟ್ರಿ ಹೋಟೆಲಿನ ರಂಗಪ್ಪ. ವರ್ಷಗಟ್ಟಲೆಯಿಂದ ಅವನು "ನಿನ್ನೆ ಮೀನಾ?" ಅನ್ನುವುದು, ಇವಳು "ನಿನ್ನೇದು ಬೇಕಂದ್ರೆ ನಿಮ್ಮ ಹೋಟ್ಲಲ್ಲೇ ಐತಲ್ಲಣ್ಣ" ಅನ್ನುವುದು ನಡೆದೇ ಇತ್ತು.

"ಮೀನು ಮೊದ್ಲೇ ಸತ್ತಿದ್ವು..." ಜಲಜಮ್ಮ ಶುರುಮಾಡಿದಳು.

ಸರ್ಕಾರಿ ವಕೀಲರು ಕನ್ನಡಕದ ಮೇಲಿಂದ ನೋಡಿದರು. "ಅಂದ್ರೆ, ಸತ್ತು ತೇಲ್ತಿದ್ದ ಮೀನನ್ನ ಈ ಜನಕ್ಕೆ ತಿನ್ನಿಸ್ದೆ ಅನ್ನು."

ರಂಗಪ್ಪ ಮುಖ ಕಿವಿಚಿದ. ಹಿಂದಿನಿಂದ ಯಾರೋ ಹೆಂಗಸು, "ಅಯ್ಯೋ, ಅದ್ಕೇ ಮಗೀಗೆ ಭೇದಿ!" ಎಂದಳು.

"ಯಾವಳೇ ಅವ್ಳು?" ಜಲಜಮ್ಮನ ದನಿ ಸಂತೆಯ ಎತ್ತರಕ್ಕೆ ಏರಿತು. "ಈ ಜಲಜಿ ಬುಟ್ಟೀಲಿ ಸತ್ತ ಮೀನಾ? ಕೊರವ ಮೀನು ಬಾಲ ಬಡೀತಿತ್ತು ಸ್ವಾಮಿ, ಪಟಪಟ ಅಂತ! ಉಸಿರಾಡೋ ಮೀನು ಬಿಟ್ಟು ಬೇರೆ ಮಾರಿದ್ರೆ ನನ್ನ ನಾಲಿಗೆ ಬಿದ್ದೋಗ್ಲಿ!"

ಹೊನ್ನಯ್ಯನವರು ಪೆನ್ನಿನ ಮುಚ್ಚಳ ಹಾಕಿದರು.

"ಬಲೆ ಬೀಸಲೇ ಇಲ್ಲ ಅಂತ ನಿನ್ನ ಗಂಡ ಹೇಳಿದ್ದಾನೆ," ಎಂದರು ಮ್ಯಾಜಿಸ್ಟ್ರೇಟರು, ಬಹಳ ಮೆತ್ತಗೆ. "ಕಾರೆಕಾಯಿಯೂ ಹಾಕಿಲ್ಲ ಅಂದರೆ, ಬದುಕಿದ್ದ ಮೀನು ಅದಾಗಿಯೇ ಬುಟ್ಟಿಗೆ ಹಾರಿತೇನಮ್ಮ?"

ಜಲಜಮ್ಮ ಗಂಡನ ಕಡೆ ತಿರುಗಿದಳು. ಓಬಯ್ಯ ಅವಳನ್ನೇ ನೋಡುತ್ತಿದ್ದ. ಸಿಟ್ಟಿರಲಿಲ್ಲ, ಏರುತ್ತಿರುವ ಹೊಳೆಯನ್ನು ದಡದಿಂದ ನೋಡುವ ಹಾಗಿತ್ತು.

ಹರಿಗೋಲನ್ನು ಬಲೆಯ ಸಮೇತ ಠಾಣೆಯವರು ಗಾಡಿಯ ಮೇಲೆ ಬೋರಲು ಹಾಕಿಕೊಂಡು ಹೋದರು. ಮಾರನೆಯ ಬೆಳಿಗ್ಗೆ ಓಬಯ್ಯ ಕಾರ್ಖಾನೆಯ ಗೇಟಿನ ಮುಂದೆ ಕೂಲಿಗೆ ನಿಂತ. ಜಲಜಮ್ಮ ಭದ್ರಾವತಿಯ ಮಾರ್ಕೆಟ್ಟಿನಲ್ಲಿ ತನ್ನ ಜಾಗದಲ್ಲೇ ಹೋಗಿ ಕೂತಳು, ಬಿಟ್ಟರೆ ಇನ್ನೊಬ್ಬಳು ಕೂರುತ್ತಾಳೆಂದು. ಕೋರ್ಟಿನ ಸುದ್ದಿ ಅವಳಿಗಿಂತ ಮೊದಲೇ ಬಂದಿತ್ತು.

"ಉಸಿರಾಡೋ ಮೀನು ತಗೊಂಡ್ರೆ ನಿನ್ನ ಹತ್ರಾನೇ ಕಣಮ್ಮ," ಎಂದು ಹೆಂಗಸರು ಸುತ್ತ ಕೂತರು. "ಏನೈತೆ ಇವತ್ತು?"

"ಬರ್ತದೆ, ಕೂತ್ಕಳಿ," ಎಂದು ಜಲಜಮ್ಮ ಖಾಲಿ ಬುಟ್ಟಿಗೆ ಹೊದಿಸಿದ್ದ ಗೋಣಿಯ ಮೇಲೆ ಅಂಗೈಯಿಂದ ನೀರು ಚಿಮುಕಿಸಿದಳು.