ಎರೆಹುಳದ ತಿಪ್ಪಯ್ಯ

ತಿಪ್ಪಯ್ಯನಿಗೆ ಊರಿನ ಮನೆಗಳೆಲ್ಲ ಪರಿಚಯವಿರುವುದು ಹಿಂಬದಿಯಿಂದ. ವೈ.ಎನ್. ಹೊಸಕೋಟೆ ಕಡೆಯ ನಮ್ಮ ಊರಿನಲ್ಲಿ ಯಾರ ಮನೆಯ ದಾರಿ ಕೇಳಿದರೂ ಅವನು ಬಾಗಿಲಿನ ಬಣ್ಣವನ್ನಾಗಲಿ ಬೀದಿಯ ಹೆಸರನ್ನಾಗಲಿ ಹೇಳಿದವನಲ್ಲ. "ನುಗ್ಗೆ ಮರದ ಬುಡಕ್ಕೆ ಬಚ್ಚಲ ನೀರು ತಿರುಗ್ತದಲ್ಲ, ಆ ಮನೆ" ಎಂದು, ಕೇಳಿದವನು ಕಣ್ಣು ಕಣ್ಣು ಬಿಡುತ್ತಿರುವಾಗಲೇ ಹೊರಟುಬಿಡುತ್ತಾನೆ. ತಪ್ಪು ಅವನದಲ್ಲ. ಮಳೆಯೆಂಬುದು ದೂರದ ನೆಂಟರಂತೆ ಎಂದಾದರೊಮ್ಮೆ ಮುಖ ತೋರಿಸಿ ಹೋಗುವ ಈ ಸೀಮೆಯಲ್ಲಿ, ಅವನು ಮೀನಿನ ಗಾಳಕ್ಕೆ ಸಿಕ್ಕಿಸುವ ಎರೆಹುಳ ಹೊಲದಲ್ಲಿ ಸಿಗುವುದಿಲ್ಲ. ಬಚ್ಚಲ ನೀರು ಹರಿದು ಸದಾ ತೇವವಾಗಿರುವ ಹಿತ್ತಲುಗಳಲ್ಲಿ ಮಾತ್ರ ಸಿಗುತ್ತದೆ.

ಎಂಥ ಬಿಸಿಲಿನಲ್ಲೂ ಆ ಕೃಶಕಾಯದ ಮೇಲೊಂದು ಖಾಕಿ ಕೋಟು. ರಾಯಚರ್ಲು ಕಡೆಯ ಸೋಲಾರ್ ಪಾರ್ಕಿನಲ್ಲಿ ಕೆಲಕಾಲ ಕಾವಲಿಗಿದ್ದಾಗ ಸಿಕ್ಕಿದ್ದು. ಕಂಡವರು ನಗುತ್ತಾರೆ. ಕೋಟು ಇರುವುದು ಅವನಿಗಾಗಿ ಅಲ್ಲ, ಒಳಜೇಬಿನ ಪೌಡರ್ ಡಬ್ಬಿಗಾಗಿ. ಡಬ್ಬಿಯನ್ನು ಕೈಯಲ್ಲಿ ಹಿಡಿದು ನಡೆದರೆ ಕೆರೆ ತಲುಪುವಷ್ಟರಲ್ಲಿ ಹುಳಗಳು ಬೆಂದುಹೋಗುತ್ತವೆ. ಹಿತ್ತಲ ಬೇಲಿಯ ಬಳಿ ನಿಂತು, ಬಚ್ಚಲಲ್ಲಿ ಹೆಂಗಸರಿರಬಹುದೆಂಬ ಸಂಕೋಚದಿಂದ ಎರಡು ಸಲ ಕೆಮ್ಮಿ, "ಹುಳಕ್ಕೆ ಬಂದಿವ್ನಿ ಕಣಮ್ಮಾ" ಎಂದು ಕೂಗಿ, ಒಳಗಿನಿಂದ "ಬಾರಪ್ಪೋ" ಎಂಬ ಉತ್ತರ ಬರುವವರೆಗೆ ಅಗುಳಿ ಮುಟ್ಟುವುದಿಲ್ಲ. ಅಗೆದ ಗುಂಡಿಯನ್ನು ಮುಚ್ಚಿ, ಅಂಗಾಲಿನಿಂದ ತುಳಿದು ಸಮ ಮಾಡಿ, ಮರಿಹುಳಗಳನ್ನು ಅಲ್ಲೇ ಬಿಟ್ಟು ಬರುತ್ತಾನೆ; ಸಂಜೆ ಎರಡು ಜಿಲೇಬಿ ಮೀನನ್ನು ಆ ಮನೆಯ ಬೇಲಿಗೆ ಸಿಕ್ಕಿಸಿ ಹೋಗುತ್ತಾನೆ. ಒಮ್ಮೆ ಆ ನುಗ್ಗೆ ಮರದ ಮನೆಯ ಮುನಿಯಮ್ಮ ಹೊಸ ಸೋಪಿನ ಪುಡಿ ತಂದು ಬಟ್ಟೆ ಒಗೆಯತೊಡಗಿದಾಗ, ಸಾವಿನ ಮನೆಗೆ ಬಂದವನಂತೆ ಮುಖ ಸಪ್ಪಗೆ ಮಾಡಿಕೊಂಡು, "ನೊರೆ ಜಾಸ್ತಿಯಾಯ್ತು ಕಣಮ್ಮಾ, ಹುಳ ಊರು ಬುಟ್ಟೋದ್ವು" ಎಂದಿದ್ದನ್ನು ಆಕೆ ಇಂದಿಗೂ ಹೇಳಿ ನಗುತ್ತಾಳೆ.

ಇಂಥವನ ಮೇಲೆ ಕಳೆದ ಬೇಸಿಗೆಯಲ್ಲಿ ಕಳ್ಳತನದ ಮಾತು ಬಂತು. ಎಲ್ಲೋ ಬೇಸಾಯದ ತರಬೇತಿ ಮುಗಿಸಿ ಬಂದ ಪ್ರಸನ್ನ ಕುಮಾರ್ ತನ್ನ ಹಿತ್ತಲಲ್ಲಿ ಎರೆಗೊಬ್ಬರದ ಸಿಮೆಂಟ್ ತೊಟ್ಟಿ ಕಟ್ಟಿಸಿ, ಪೇಟೆಯಿಂದ ಕೆಂಪು ಹುಳಗಳನ್ನು ತಂದು ಬಿಟ್ಟಿದ್ದ. ವಾರ ಕಳೆಯುವುದರೊಳಗೆ ತೊಟ್ಟಿ ಖಾಲಿ. "ಊರಲ್ಲಿ ಹುಳ ಬೇಕಾಗಿರೋನು ಇನ್ಯಾರವ್ನೆ ಹೇಳ್ರಿ" ಎಂದು ಅವನು ಟೀ ಅಂಗಡಿಯಲ್ಲಿ ಅಂದದ್ದೇ ಸಾಕಾಯಿತು. ಮಾರನೆಯ ಬೆಳಿಗ್ಗೆ ತಿಪ್ಪಯ್ಯ ಕೆಮ್ಮಿ ಕೂಗಿದಾಗ ಮುನಿಯಮ್ಮ, "ಇವತ್ತು ಬ್ಯಾಡ ಬುಡಪ್ಪ" ಎಂದಳು. ಅವಳ ಪಕ್ಕದ ಮನೆಯ ಜಯಕ್ಕನ ಹಿತ್ತಲಿಂದ ಉತ್ತರವೇ ಬರಲಿಲ್ಲ. ಇವತ್ತು ಹುಳ ಕದ್ದವನು ನಾಳೆ ತಾಮ್ರದ ಹಂಡೆ ಕದಿಯಲಾರನೇ ಎಂಬುದು ಊರಿನ ತರ್ಕ. ಮೂರು ದಿನ ಡಬ್ಬಿ ಬರಿದಾಗಿಯೇ ಇತ್ತು. ಮೀನು ತಪ್ಪಿದ್ದಕ್ಕೆ ಅವನಿಗೆ ದುಃಖವಿರಲಿಲ್ಲ. ಹೆಂಗಸರು ಸ್ನಾನ ಮಾಡುವ ಜಾಗಕ್ಕೆ ಮೂವತ್ತು ವರ್ಷ ನಂಬಿ ಬಿಟ್ಟುಕೊಂಡವರು ಈಗ ನಂಬಲಿಲ್ಲವಲ್ಲ ಎಂಬ ಅವಮಾನದಿಂದ ಅವನ ಜೀವ ಹಿಡಿಯಷ್ಟಾಗಿತ್ತು.

ನಾಲ್ಕನೆಯ ದಿನ ಅವನು ಪ್ರಸನ್ನನ ಮನೆಯ ಮುಂಬಾಗಿಲಿಗೇ ಹೋದ. ಚಪ್ಪಲಿ ಎಲ್ಲಿ ಬಿಡಬೇಕೆಂದು ತಿಳಿಯದೆ ಕೈಯಲ್ಲೇ ಹಿಡಿದುಕೊಂಡು, "ಹುಳ ಕದ್ದೋನು ಬಂದಿವ್ನಿ, ತೊಟ್ಟಿ ತೋರ್ಸಪ್ಪ" ಎಂದ. ತೊಟ್ಟಿಯೊಳಗೆ ಮೊಣಕೈವರೆಗೆ ಕೈಯಿಟ್ಟು ಚಕ್ಕನೆ ಹೊರಗೆಳೆದ.

"ಹಸಿ ಸಗಣಿ ತುಂಬಿದ್ಯಲ್ಲಪ್ಪೋ! ಒಳಗೆ ಕುದೀತಾ ಐತೆ. ನಿನ್ನ ಕಾದ ಹಂಡೇಲಿ ಕೂರ್ಸಿದ್ರೆ ನೀನಿರ್ತಿದ್ಯಾ?"

ತಳದಲ್ಲಿ ನೀರು ಬಸಿಯಲೆಂದು ಬಿಟ್ಟಿದ್ದ ತೂತನ್ನು ಕಂಡು, ಅಲ್ಲಿಂದ ತೇವದ ಜಾಡು ಹಿಡಿದು ಹೋಗಿ, ಬಾಳೆಯ ಬುಡದಲ್ಲಿ ಮೊಣಕಾಲೂರಿ ಬೆರಳುಗಳಿಂದಲೇ ಮಣ್ಣು ಕೆದಕಿದ. ಕೆಂಪು ಹುಳಗಳು ಗೊಂಚಲುಗೊಂಚಲಾಗಿ ಎದ್ದವು. ಬೇಲಿಯಾಚೆ ಮುನಿಯಮ್ಮ, ಜಯಕ್ಕ, ಇನ್ನೂ ಯಾರಾರೋ ಕತ್ತು ಚಾಚಿ ನಿಂತಿದ್ದರು. ಒಂದೊಂದನ್ನೂ ಆಯ್ದು, ಹಳೆಯ ತಣ್ಣನೆಯ ಗೊಬ್ಬರ ಹಾಕಿದ ಬಕೀಟಿಗೆ ಬಿಟ್ಟು, ಮೇಲೆ ಒದ್ದೆ ಗೋಣಿಚೀಲ ಹೊದಿಸುವಷ್ಟರಲ್ಲಿ ಮಧ್ಯಾಹ್ನವಾಯಿತು.

ಪ್ರಸನ್ನ ಪೆಚ್ಚಾಗಿ ನಿಂತಿದ್ದ. "ಒಂದು ಹಿಡಿ ತಗೊಂಡ್ಹೋಗು ತಿಪ್ಪಯ್ಯಣ್ಣ, ಗಾಳಕ್ಕಾಗ್ತವೆ" ಎಂದ.

"ಬ್ಯಾಡಪ್ಪ. ಇದ್ರಾಗಿನ ಒಂದೇ ಒಂದು ಹುಳ ನನ್ ಡಬ್ಬೀಲಿ ಕಂಡ್ರೂ ನೀನಂದಿದ್ದೇ ನಿಜ ಆಗೋಯ್ತದೆ. ಟೀ ಅಂಗ್ಡೀಲಿ ಅಂದ್ಯಲ್ಲ, ಅಲ್ಲೇ ಹೋಗಿ ಇದ್ನೂ ಹೇಳು. ಅಷ್ಟು ಸಾಕು."

ಪ್ರಸನ್ನ ಹೋಗಿ ಹೇಳಿದ. ಅಷ್ಟು ಜನ ನೋಡಿದ ಮೇಲೆ ಹೇಳದೆ ವಿಧಿಯಿರಲಿಲ್ಲ. ಮರುದಿನ ಮುನಿಯಮ್ಮ ತಾನಾಗಿಯೇ ಕೂಗಿ ಕರೆದಳು. "ಸರ್ಲೇ ಅಮ್ಮಾ" ಎಂದು, ಆಗಲಿ ಬಿಡಮ್ಮ ಎನ್ನುವಂತೆ, ಗಡಿಸೀಮೆಯ ತೆಲುಗಿನಲ್ಲಿ ಗೊಣಗಿ ತಿಪ್ಪಯ್ಯ ಒಳಗೆ ಹೋದ. ಏನೂ ನಡೆಯಲಿಲ್ಲವೆಂಬಂತೆ ಊರು ತನ್ನ ಪಾಡಿಗೆ ತಾನಿತ್ತು.

ಇಂಥವರು ಪ್ರತಿ ಊರಿನಲ್ಲೂ ಒಬ್ಬಿಬ್ಬರಿರುತ್ತಾರೆ: ಇನ್ನೊಬ್ಬರ ಅಂಗಳ, ಹಿತ್ತಲು, ಮರದ ನೆರಳುಗಳಲ್ಲೇ ಬದುಕು ಸಾಗಿಸುವವರು, ನಂಬಿಕೆಯೊಂದನ್ನು ಬಿಟ್ಟರೆ ಬೇರೆ ಆಸ್ತಿಯಿಲ್ಲದವರು. ಆ ಆಸ್ತಿಗೆ ಪಹಣಿಯಿಲ್ಲ. ಯಾವನೋ ಟೀ ಕುಡಿಯುತ್ತ ಆಡಿದ ಒಂದು ಮಾತಿಗೆ ಅದು ಕೈಬಿಟ್ಟುಹೋದಾಗ, ತಮ್ಮ ಮರ್ಯಾದೆಯನ್ನು ಹತ್ತು ಜನರ ಕಣ್ಣೆದುರು ತಾವೇ ಮೊಣಕಾಲೂರಿ ಮಣ್ಣಿನಿಂದ ಅಗೆದು ತೆಗೆಯಬೇಕಾಗುತ್ತದೆ. ಮಾತಾಡಿದವನ ಮೊಣಕಾಲಿಗೆ ಮಾತ್ರ ಮಣ್ಣು ಹತ್ತುವುದಿಲ್ಲ.